ಹೊಗೆಯ ಹಿಂದೇನಿದೆ? — ಎಳೆಯ ಪೀಟ್ ವಿಸ್ಕಿಯ ಗುಣಪರೀಕ್ಷೆ

ಸೌದೆಯ ಒಲೆಯ ಮೇಲೆ ಕಾಯಿಸಿದ ಹಾಲಿಗೆ ಹೊಗೆ ಹತ್ತಿದರೆ ಮನೆಯವರೆಲ್ಲರೂ ಒಂದೇ ಗುಟುಕಿಗೆ ಅದನ್ನು ಗುರುತಿಸುವರು. ಬಚ್ಚಲ ಹಂಡೆಯ ಬಿಸಿನೀರಿನಲ್ಲಿಯೂ ಆ ವಾಸನೆ ಸುಳಿಯುವುದುಂಟು. ಹಾಲಿನೊಡನೆ ಬೆರೆತ ಹೊಗೆಯ ಅಂಶವನ್ನು ತೂಗಿ ನೋಡಲು ಹೊರಟರೆ ಶಾಲೆಯ ತಕ್ಕಡಿ ಸೋಲುವುದು, ಮೂಗು ಸೋಲದು. ಹಾಗಾದರೆ ಮೂಗನ್ನು ಒಂದು ಮಾಪನ ಉಪಕರಣವೆಂದು ನಂಬಬಹುದೆ? ಒಬ್ಬನಿಗೆ ಹಿತವೆನಿಸಿದ ವಾಸನೆ ಮತ್ತೊಬ್ಬನಿಗೆ ಅಹಿತವೆನಿಸುವುದಲ್ಲ? ಇಂತಹ ಅಳತೆಗೋಲಿನಿಂದ ವಿಜ್ಞಾನಕ್ಕೆ ಏನು ಪ್ರಯೋಜನ?

ಈ ಪ್ರಶ್ನೆಯನ್ನು ಕುತೂಹಲಕ್ಕಾಗಿ ಅಲ್ಲದೆ ಜೀವನೋಪಾಯಕ್ಕಾಗಿಯೇ ಕೇಳಿಕೊಳ್ಳುವ ಜನರಿದ್ದಾರೆ. ಚಹಾ, ಕಾಫಿ, ಸುಗಂಧದ್ರವ್ಯ ಮತ್ತು ಮದ್ಯಗಳ ಪರೀಕ್ಷಕರು ಅವರು. ಇವರಲ್ಲಿ ಅತಿ ಕಠಿಣವಾದ ಸಮಸ್ಯೆ ಎದುರಾಗುವುದು, ಸ್ಕಾಟ್ಲೆಂಡಿನ ಪಶ್ಚಿಮ ತೀರದಾಚೆಗಿರುವ ಐಲಾ ದ್ವೀಪದಂತಹ ಎಡೆಗಳಲ್ಲಿ ತಯಾರಾಗುವ ಹೊಗೆವಾಸನೆಯ ವಿಸ್ಕಿಯನ್ನು ಪರೀಕ್ಷಿಸುವವರಿಗೆ. ಪೀಪಾಯಿಯಲ್ಲಿ ಮೂರು ಅಥವಾ ಐದು ವರ್ಷವಷ್ಟೇ ಕಳೆದ ಎಳೆಯ ವಿಸ್ಕಿ ಅವರ ಮುಂದಿದೆ. ಅದನ್ನು ಈಗ ಸೀಸೆಗೆ ತುಂಬಬಹುದೆ, ಇಲ್ಲವೆ ಇನ್ನೂ ಕೆಲವು ವರ್ಷ ಕಾಯಬೇಕೆ? ಬೇಗ ತೆಗೆದರೆ ಸರಕು ಹಸಿ. ಕಾದರೆ ವರ್ಷ ವರ್ಷವೂ ಒಂದಷ್ಟು ಆವಿಯಾಗಿ ಹೋಗುವುದು. ಮೇಲಾಗಿ ಹೊಗೆಯ ವಾಸನೆ ಎಷ್ಟು ಗಾಢವೆಂದರೆ, ಹಸಿತನವನ್ನು ಅದು ಮುಚ್ಚಿಬಿಡಬಹುದು. ಹೊಗೆಯ ಹಿಂದೆ ಏನಿದೆಯೆಂದು ಕಂಡುಹಿಡಿಯುವುದೇ ಪರೀಕ್ಷಕನ ಕೆಲಸ.

ನಾವು ಈ ಲೇಖನದಲ್ಲಿ ಮದ್ಯವನ್ನು ಹೊಗಳಲು ಹೊರಟಿಲ್ಲ. ಪಾಠಕ್ಕೆ ಬೇಕಾದುದು ವಾಸನೆಯ ರಸಾಯನಶಾಸ್ತ್ರ ಮತ್ತು ಪಕ್ಷಪಾತವಿಲ್ಲದೆ ತೀರ್ಪು ಕೊಡುವ ಕ್ರಮ. ಆ ಕ್ರಮವನ್ನು ವಿದ್ಯಾರ್ಥಿಗಳು ಮದ್ಯದ ಹನಿಯೂ ಇಲ್ಲದೆ ಅಭ್ಯಾಸ ಮಾಡಬಹುದೆಂಬುದನ್ನು ಕೊನೆಯಲ್ಲಿ ತೋರಿಸುವೆವು.

ಮೊಳಕೆಯಿಂದ ಭಟ್ಟಿಯವರೆಗೆ

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಹಿಟ್ಟು ಮಾಡುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಮೊಳೆಯುವಾಗ ಕಾಳಿನಲ್ಲಿ ಕಿಣ್ವಗಳು ಹುಟ್ಟಿ, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಸಿದ್ಧವಾಗುವುವು. ಮೊಳಕೆಯ ಹಿಟ್ಟಿನ ಗಂಜಿ ತೆಳುವಾಗಿಯೂ ಸಿಹಿಯಾಗಿಯೂ ಇರುವುದಕ್ಕೆ ಇದೇ ಕಾರಣ. ವಿಸ್ಕಿಯ ಆರಂಭವೂ ಹೀಗೆಯೇ. ರಾಗಿಯ ಬದಲು ಜವೆ, ಎಂದರೆ ಬಾರ್ಲಿ. ಮೊಳೆತು ಒಣಗಿದ ಜವೆಗೆ ಮಾಲ್ಟ್ ಎಂದು ಹೆಸರು.

ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿದಾಗ ಸಿಹಿರಸ ಬರುವುದು. ಅದಕ್ಕೆ ಯೀಸ್ಟ್ ಸೇರಿಸಿದರೆ ಸಕ್ಕರೆ ಹುದುಗಿ ಮದ್ಯಸಾರವೂ ಇಂಗಾಲದ ಡೈಆಕ್ಸೈಡೂ ಉಂಟಾಗುವುವು. ಈ ಹುದುಗುರಸವನ್ನು ತಾಮ್ರದ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಬಾರಿ ಭಟ್ಟಿ ಇಳಿಸುವರು. ಹೀಗೆ ಒಂದೇ ಭಟ್ಟಿಮನೆಯಲ್ಲಿ, ಮಾಲ್ಟ್ ಮಾಡಿದ ಜವೆಯೊಂದರಿಂದಲೇ ತಯಾರಾದುದಕ್ಕೆ ಸಿಂಗಲ್ ಮಾಲ್ಟ್ ಎನ್ನುವರು. ಸ್ಕಾಟ್ಲೆಂಡಿನ ಕಾನೂನಿನಂತೆ ಭಟ್ಟಿಯಿಂದ ಇಳಿದ ಸಾರವು 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಯಲ್ಲಿ ಕಡಮೆಯೆಂದರೆ 3 ವರ್ಷ ಇರಬೇಕು. ಸೀಸೆಗೆ ತುಂಬುವಾಗ ಮದ್ಯಸಾರದ ಪ್ರಮಾಣ ಶೇಕಡಾ 40ಕ್ಕಿಂತ ಕಡಮೆಯಾಗಬಾರದು. ಆದುದರಿಂದ 'ಎಳೆಯ' ವಿಸ್ಕಿ ಎಂದರೆ ಈ 3 ವರ್ಷದ ಗಡಿಯನ್ನು ದಾಟಿ ಬಹುಕಾಲವಾಗದಿರುವುದು. 2005ರಲ್ಲಿ ಸ್ಥಾಪಿತವಾದ ಐಲಾ ದ್ವೀಪದ ಕಿಲ್ಹೋಮನ್ ಭಟ್ಟಿಮನೆಯು 2009ರಲ್ಲಿ ತನ್ನ ಮೊದಲ ವಿಸ್ಕಿಯನ್ನು ಹೊರತಂದಿತು. ಅದರ ವಯಸ್ಸು 3 ವರ್ಷ.

ಪೀಟ್ ಎಂದರೇನು?

ಹೊಗೆ ಎಲ್ಲಿಂದ ಬಂತು? ಮೊಳಕೆಯ ಬೆಳವಣಿಗೆಯನ್ನು ತಕ್ಕ ಸಮಯದಲ್ಲಿ ನಿಲ್ಲಿಸಲು ಕಾಳನ್ನು ಬಿಸಿಗಾಳಿಯಲ್ಲಿ ಒಣಗಿಸಬೇಕು. ಮರ ವಿರಳವಾದ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಇದಕ್ಕೆ ದೊರೆಯುತ್ತಿದ್ದ ಉರುವಲೆಂದರೆ ಪೀಟ್. ಇದು ಮಣ್ಣೂ ಅಲ್ಲ, ಕಲ್ಲಿದ್ದಲೂ ಅಲ್ಲ. ನೀರು ನಿಂತ ಜೌಗುನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳು ಸತ್ತು ಬಿದ್ದಾಗ, ಆಮ್ಲಜನಕದ ಅಭಾವದಿಂದ ಪೂರ್ತಿಯಾಗಿ ಕೊಳೆಯದೆ ಪದರ ಪದರವಾಗಿ ಶೇಖರವಾಗುವುವು. ಈ ಶೇಖರಣೆಯ ವೇಗ ವರ್ಷಕ್ಕೆ ಸುಮಾರು 1 ಮಿಲಿಮೀಟರು. ಒಂದು ಮೀಟರು ಆಳದ ಪೀಟ್ ಕತ್ತರಿಸುವವನು ಸುಮಾರು ಸಾವಿರ ವರ್ಷಗಳ ಸಂಚಯವನ್ನು ಕೈಗೆತ್ತಿಕೊಳ್ಳುವನೆಂದಾಯಿತು.

ಇಟ್ಟಿಗೆಯ ಆಕಾರದಲ್ಲಿ ಕತ್ತರಿಸಿ ಒಣಗಿಸಿದ ಪೀಟನ್ನು ಹೊತ್ತಿಸಿದರೆ ಜ್ವಾಲೆ ಕಡಮೆ, ಹೊಗೆ ಹೆಚ್ಚು. ಆ ಹೊಗೆ ಒದ್ದೆಯಾದ ಕಾಳಿನ ಹೊಟ್ಟಿಗೆ ಅಂಟಿಕೊಳ್ಳುವುದು. ಕಾಳು ಒಣಗಿದ ಮೇಲೆ ಹೊಗೆ ಅಷ್ಟಾಗಿ ಹತ್ತದು. ಆದಕಾರಣ ಹೊಗೆಯಾಡಿಸುವ ಕೆಲಸ ಒಣಗಿಸುವುದರ ಮೊದಲ ಭಾಗದಲ್ಲಿಯೇ ಮುಗಿಯಬೇಕು.

ಹೊಗೆಯ ರಸಾಯನ

ಸಸ್ಯಗಳಿಗೆ ಗಡಸುತನ ಕೊಡುವ ಲಿಗ್ನಿನ್ ಮತ್ತು ಅದರಂತಹ ಪದಾರ್ಥಗಳು ಕಾವಿಗೆ ಒಡೆದಾಗ ಫೀನಾಲ್ ಗುಂಪಿನ ಸಂಯುಕ್ತಗಳು ಹುಟ್ಟುವುವು. ಬೆಂಜೀನಿನ ಷಡ್ಭುಜ ಬಳೆಗೆ ಒಂದು ಹೈಡ್ರಾಕ್ಸಿಲ್ ಗುಂಪು ಸೇರಿದರೆ ಫೀನಾಲ್. ಅದಕ್ಕೆ ಒಂದು ಮಿಥೈಲ್ ಗುಂಪೂ ಸೇರಿದರೆ ಕ್ರೆಸಾಲ್. ಮಿಥೈಲಿನ ಬದಲು ಪಕ್ಕದಲ್ಲಿಯೇ ಮಿಥಾಕ್ಸಿ ಗುಂಪು ಸೇರಿದರೆ ಗ್ವಾಯಕಾಲ್. ಪೀಟ್ ಹೊಗೆಯಲ್ಲಿ ಈ ಮೂರೂ ಇವೆ, ಇವುಗಳ ಬಂಧುಗಳು ಇನ್ನೂ ಹಲವಿವೆ.

ಫೀನಾಲಿನ ವಾಸನೆ ಎಂತಹುದು? ಹಳೆಯ ಆಸ್ಪತ್ರೆಗಳ ವಾಸನೆ ಎಂದರೆ ಅನೇಕರಿಗೆ ತಿಳಿದೀತು. ಇದರ ಇನ್ನೊಂದು ಹೆಸರು ಕಾರ್ಬಾಲಿಕ್ ಆಮ್ಲ. 1865ರಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನು, ಕಾಲುಮುರಿದು ಮೂಳೆ ಹೊರಬಂದಿದ್ದ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿ, ಗಾಯ ಕೊಳೆಯದಂತೆ ಕಾಪಾಡಿದನು. ಆ ಕಾಲದಲ್ಲಿ ಇಂತಹ ಗಾಯವಾದರೆ ಕಾಲು ಕತ್ತರಿಸುವುದೇ ವಾಡಿಕೆಯಾಗಿತ್ತು. ನಂಜುನಿರೋಧಕ ಶಸ್ತ್ರಚಿಕಿತ್ಸೆ ಆರಂಭವಾದುದು ಹೀಗೆ. ಐಲಾದ ವಿಸ್ಕಿಯನ್ನು ಮೂಸಿದವರು 'ಔಷಧಿಯ ವಾಸನೆ' ಎಂದು ಬರೆಯುವುದು ಕವಿತ್ವವಲ್ಲ; ರಸಾಯನಶಾಸ್ತ್ರದ ದೃಷ್ಟಿಯಿಂದ ಅದು ಸರಿಯಾದ ವರ್ಣನೆ.

ಗ್ವಾಯಕಾಲಿನ ಮನೆತನ ಇನ್ನೂ ಸ್ವಾರಸ್ಯವಾದುದು. ಅದರ ಬಳೆಗೆ ಮೂರು ಇಂಗಾಲಗಳ ಬಾಲವೊಂದನ್ನು ಸೇರಿಸಿದರೆ ಯೂಜಿನಾಲ್, ಎಂದರೆ ಲವಂಗದ ಸುವಾಸನೆ. ಬಾಲದ ಬದಲು ಒಂದು ಆಲ್ಡಿಹೈಡ್ ಗುಂಪು ಸೇರಿಸಿದರೆ ವೆನಿಲಿನ್, ಎಂದರೆ ವೆನಿಲಾ. ಕಾಫಿಬೀಜವನ್ನು ಹುರಿಯುವಾಗಲೂ ಗ್ವಾಯಕಾಲ್ ಹುಟ್ಟುವುದು. ಚಿಕ್ಕಮಗಳೂರಿನ ಕಾಫಿಪುಡಿಯ ಘಮದಲ್ಲಿ ಒಂದೆಳೆ ಹೊಗೆ ಇರುವುದು ಅದರಿಂದಲೇ. ಹೊಗೆ, ಲವಂಗ, ವೆನಿಲಾ, ಕಾಫಿ ಇವು ಬೇರೆ ಬೇರೆ ಎಂದು ತಿಳಿದಿದ್ದ ನಮಗೆ, ಒಂದೇ ಚೌಕಟ್ಟಿನ ಅಣುಗಳು ಇವೆಲ್ಲದರಲ್ಲಿಯೂ ಇರುವುದು ಕಂಡುಬರುವುದು.

ಹೊಗೆಯ ಪ್ರಮಾಣವನ್ನು ಮಾಲ್ಟಿನಲ್ಲಿರುವ ಒಟ್ಟು ಫೀನಾಲುಗಳಿಂದ ಸೂಚಿಸುವರು. ದಶಲಕ್ಷ ಪಾಲಿಗೆ 50 ಎಂದರೆ ಒಂದು ಕಿಲೋಗ್ರಾಂ ಮಾಲ್ಟಿನಲ್ಲಿ 50 ಮಿಲಿಗ್ರಾಂ. ಐಲಾದ ಪ್ರಸಿದ್ಧ ಹೊಗೆವಿಸ್ಕಿಗಳ ಮಾಲ್ಟಿನಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 25ರಿಂದ 55ರವರೆಗೆ. ಬ್ರುಖ್‌ಲಾಡಿ ಭಟ್ಟಿಮನೆಯ ಆಕ್ಟೊಮೋರ್ ಎಂಬ ಎಳೆಯ ವಿಸ್ಕಿಯ 2017ರ ಒಂದು ಆವೃತ್ತಿಗಾಗಿ ಬಳಸಿದ ಮಾಲ್ಟಿನಲ್ಲಿ ಇದು 309ಕ್ಕೆ ಏರಿತ್ತು.

ಆದರೆ ಈ ಸಂಖ್ಯೆಯನ್ನು ಕಂಡು ಮೋಸಹೋಗಬಾರದು. ಮೊದಲನೆಯದಾಗಿ, ಅದು ಮಾಲ್ಟಿನ ಲೆಕ್ಕವೇ ಹೊರತು ಸೀಸೆಯ ಲೆಕ್ಕವಲ್ಲ. ಕಲಸುವಾಗ, ಹುದುಗುವಾಗ, ಭಟ್ಟಿ ಇಳಿಸುವಾಗ ಅರ್ಧಕ್ಕಿಂತ ಹೆಚ್ಚು ಫೀನಾಲ್ ನಷ್ಟವಾಗುವುದು. ಫೀನಾಲ್ ಕುದಿಯುವುದು 182 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಗ್ವಾಯಕಾಲ್ ಸುಮಾರು 205ರಲ್ಲಿ; ಮದ್ಯಸಾರ 78ರಲ್ಲಿ. ಆದುದರಿಂದ ಭಟ್ಟಿಯಲ್ಲಿ ಹೊಗೆಯ ಅಂಶಗಳು ಹಿಂದೆ ಉಳಿದು, ಕೊನೆಕೊನೆಗೆ ಹೆಚ್ಚಾಗಿ ಇಳಿಯುವುವು. ಭಟ್ಟಿಗಾರನು ಮೊದಲ ಭಾಗವನ್ನೂ ಕಡೆಯ ಭಾಗವನ್ನೂ ಬೇರ್ಪಡಿಸಿ, ನಡುವಿನದನ್ನಷ್ಟೆ ಇಟ್ಟುಕೊಳ್ಳುವನು. ನಡುಭಾಗವನ್ನು ಬೇಗ ನಿಲ್ಲಿಸಿದರೆ ಹೊಗೆ ತೆಳು. ತಡವಾಗಿ ನಿಲ್ಲಿಸಿದರೆ ಹೊಗೆ ದಟ್ಟ, ಜೊತೆಗೆ ಬೆವರು, ಚರ್ಮಗಳನ್ನು ನೆನಪಿಗೆ ತರುವ ಒರಟು ವಾಸನೆಗಳೂ ಬರುವುವು. ಎರಡನೆಯದಾಗಿ, ಎಲ್ಲ ಫೀನಾಲುಗಳನ್ನೂ ಮೂಗು ಒಂದೇ ತೂಕದಲ್ಲಿ ತೂಗದು. ನೀರಿನಲ್ಲಿ ಗ್ವಾಯಕಾಲ್ ನೂರು ಕೋಟಿಗೆ ಕೆಲವೇ ಪಾಲು ಇದ್ದರೂ ಮೂಗಿಗೆ ಗೊತ್ತಾಗುವುದು. ಫೀನಾಲ್ ಗೊತ್ತಾಗಲು ಅದರ ನೂರಾರು ಪಟ್ಟು ಬೇಕು. ಒಟ್ಟು ತೂಕ ಒಂದೇ ಆದ ಎರಡು ಮಾಲ್ಟುಗಳಲ್ಲಿ ಒಂದು ಮೃದುವಾಗಿಯೂ ಇನ್ನೊಂದು ಉಗ್ರವಾಗಿಯೂ ತೋರಬಹುದು. ಇಲ್ಲಿಯೇ ಯಂತ್ರಕ್ಕೆ ಮೂಗಿನ ನೆರವು ಬೇಕಾಗುವುದು.

ಎಳೆತನದ ಗುರುತುಗಳು

ಭಟ್ಟಿಯಿಂದ ಆಗತಾನೆ ಇಳಿದ ಸಾರವು ನೀರಿನಂತೆ ನಿರ್ವರ್ಣವಾಗಿರುವುದು. ಅದರ ವಾಸನೆಯಲ್ಲಿ ಸೇಬು, ಪೇರುಹಣ್ಣು, ಬಾಳೆಹಣ್ಣುಗಳನ್ನು ಹೋಲುವ ಎಸ್ಟರುಗಳಿರುವುವು. ಕಲಸಿದ ಹಿಟ್ಟು, ಒದ್ದೆ ಹುಲ್ಲುಗಳ ನೆನಪು ಬರುವುದು. ಬೆಂದ ಎಲೆಕೋಸು, ಆರಿದ ಬೆಂಕಿಕಡ್ಡಿಗಳನ್ನು ಹೋಲುವ ಗಂಧಕದ ಸಂಯುಕ್ತಗಳ ಛಾಯೆಯೂ ಇರಬಹುದು.

ಪೀಪಾಯಿ ಈ ಸಾರದ ಮೇಲೆ ಮೂರು ಬಗೆಯಾಗಿ ಕೆಲಸ ಮಾಡುವುದು. ಮೊದಲನೆಯದು ಕಳೆಯುವಿಕೆ: ಒಳಮೈಯನ್ನು ಸುಟ್ಟು ಕರಿಗೊಳಿಸಿದ ಪೀಪಾಯಿಯ ಇದ್ದಲ ಪದರವು ಗಂಧಕದ ಸಂಯುಕ್ತಗಳನ್ನು ಹಿಡಿದುಕೊಳ್ಳುವುದು, ಕೆಲವು ಆವಿಯಾಗಿಯೂ ಹೋಗುವುವು. ಎರಡನೆಯದು ಕೂಡುವಿಕೆ: ಓಕ್ ಮರದಿಂದ ವೆನಿಲಿನ್, ತೆಂಗಿನಕಾಯಿಯ ಪರಿಮಳವನ್ನು ಹೋಲುವ ಲ್ಯಾಕ್ಟೋನು, ಒಗರು ಕೊಡುವ ಟ್ಯಾನಿನ್ನುಗಳು ಸಾರಕ್ಕೆ ಇಳಿಯುವುವು; ಬಣ್ಣವೂ ಬರುವುದು. ಮೂರನೆಯದು ಮಾರ್ಪಾಟು: ಮರದ ಸಂದುಗಳಿಂದ ನುಸುಳುವ ಆಮ್ಲಜನಕದ ಸಹಾಯದಿಂದ ಮದ್ಯಸಾರ, ಆಮ್ಲ, ಆಲ್ಡಿಹೈಡುಗಳು ಪರಸ್ಪರ ವರ್ತಿಸಿ ಹೊಸ ಸಂಯುಕ್ತಗಳಾಗುವುವು.

ಕಾಲ ಕಳೆದಂತೆ ಹೊಗೆಯ ತೀವ್ರತೆಯೂ ಇಳಿಯುವುದು. ಆದುದರಿಂದ ಹೊಗೆವಿಸ್ಕಿಯು ಎಳೆಯದಾಗಿರುವಾಗಲೇ ಅತ್ಯಂತ ಹೊಗೆಯಾಗಿರುವುದು. ಬಹುಕಾಲ ಕಾದರೆ ಹಸಿತನ ಹೋದೀತು, ಜೊತೆಗೆ ಹೊಗೆಯೂ ಮಂಕಾದೀತು. ಎಳೆಯ ಹೊಗೆವಿಸ್ಕಿಯನ್ನು ಮಾರುವವರ ವಾದ ಇದೇ. ಈ ವಾದದಲ್ಲಿ ಹುರುಳಿದೆ. ಆದರೆ ಹೊಗೆ ಗಾಢವಾಗಿದೆ ಎಂದ ಮಾತ್ರಕ್ಕೆ ಸರಕು ಪಕ್ವವಾಯಿತೆಂದು ಹೇಳಲಾಗದು.

ವಯಸ್ಸೆಂಬ ಸಾಕ್ಷಿ

ಹಾಗಾದರೆ ಸೀಸೆಯ ಮೇಲೆ ಬರೆದ ವಯಸ್ಸನ್ನು ನೋಡಿ ತೀರ್ಮಾನಿಸಬಾರದೆ? ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲಿಯೇ ದೊರೆಯುವುದು. 1948ರಲ್ಲಿ ಇಲ್ಲಿ ಸ್ಥಾಪಿತವಾದ ಅಮೃತ್ ಭಟ್ಟಿ ಸಂಸ್ಥೆಯು ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಮಾರುಕಟ್ಟೆಗೆ ತಂದಿತು. ಅದರ ಫ್ಯೂಷನ್ ಎಂಬ ಮಾಲ್ಟಿನಲ್ಲಿ ಭಾರತದ ಜವೆಯೂ ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಹೊಗೆಯ ಜವೆಯೂ ಸೇರಿವೆ. ಸ್ಕಾಟ್ಲೆಂಡಿನ ತಣ್ಣನೆಯ ಉಗ್ರಾಣದಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾದರೆ, ಬೆಂಗಳೂರಿನ ಹವೆಯಲ್ಲಿ ಶೇಕಡಾ 10ಕ್ಕೂ ಮಿಕ್ಕಿ ಹೋಗುವುದು.

ಲೆಕ್ಕ ಹಾಕಿ ನೋಡೋಣ. 100 ಲೀಟರು ತುಂಬಿಟ್ಟು 5 ವರ್ಷ ಕಳೆದರೆ, ಶೇಕಡಾ 2ರ ನಷ್ಟದಲ್ಲಿ ಉಳಿಯುವುದು ಸುಮಾರು 90 ಲೀಟರು. ಶೇಕಡಾ 10ರ ನಷ್ಟದಲ್ಲಿ ಸುಮಾರು 59. ಹದಿನೆಂಟು ವರ್ಷವಾದರೆ ಅಲ್ಲಿ 70 ಲೀಟರಿನ ಸಮೀಪ ಉಳಿದೀತು, ಇಲ್ಲಿ 15. ಸೆಕೆಯ ನಾಡಿನಲ್ಲಿ ಮರದಿಂದ ಸಾರ ಇಳಿಯುವ ವೇಗವೂ ಹೆಚ್ಚು. ಆದಕಾರಣ ಬೆಂಗಳೂರಿನ ಐದು ವರ್ಷವನ್ನೂ ಐಲಾದ ಐದು ವರ್ಷವನ್ನೂ ಒಂದೇ ಎಂದು ತಿಳಿಯುವುದು ತಪ್ಪು. ವಯಸ್ಸು ಕಾಲವನ್ನು ಹೇಳುವುದು, ಪಕ್ವತೆಯನ್ನು ಹೇಳಲಾರದು.

ಬಣ್ಣವೂ ನಂಬತಕ್ಕ ಸಾಕ್ಷಿಯಲ್ಲ. ಪೀಪಾಯಿಯಲ್ಲಿ ಹಿಂದೆ ಏನಿತ್ತೆಂಬುದರ ಮೇಲೆ ಬಣ್ಣ ಬದಲಾಗುವುದು. ಮೇಲಾಗಿ ಸುಟ್ಟ ಸಕ್ಕರೆಯ ಬಣ್ಣವನ್ನು ಸೇರಿಸಲು ಸ್ಕಾಟ್ಲೆಂಡಿನ ಕಾನೂನಿನಲ್ಲಿ ಅವಕಾಶವಿದೆ. ಕೊನೆಗೆ ಉಳಿಯುವುದು ಮೂಗು.

ಮೂಗು ಮತ್ತು ನಾಲಗೆ

ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸರಸದಂತಹ ಉಮಾಮಿ, ಇಷ್ಟೆ. ನಾವು 'ರುಚಿ' ಎಂದು ಕರೆಯುವುದರ ಬಹುಭಾಗ ವಾಸನೆ. ಬಾಯಿಯಲ್ಲಿ ಬಿಸಿಯಾದ ಆವಿಯು ಗಂಟಲ ಹಿಂಬದಿಯಿಂದ ಮೂಗಿಗೆ ಏರುವುದು. ಮೂಗು ಹಿಡಿದುಕೊಂಡು ಲವಂಗ ಅಗಿದರೆ ಖಾರ ಉಳಿದು ಪರಿಮಳ ಮಾಯವಾಗುವುದು ಇದರಿಂದಲೇ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನೆಯ ಗ್ರಾಹಕಗಳಿವೆ. ಈ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಒಂದೊಂದು ಅಣುವೂ ಹಲವು ಗ್ರಾಹಕಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಮೀಟುವುದು. ಹಾರ್ಮೋನಿಯಮ್ಮಿನ ಕೆಲವೇ ಮನೆಗಳಿಂದ ಅಸಂಖ್ಯ ರಾಗಗಳು ಹೊರಡುವಂತೆ, ಈ ನಾನೂರು ಗ್ರಾಹಕಗಳ ಸಂಯೋಗದಿಂದ ಅಸಂಖ್ಯ ವಾಸನೆಗಳು ತಿಳಿದುಬರುವುವು.

ಮದ್ಯಸಾರದ ಉರಿ ಮಾತ್ರ ವಾಸನೆಯೂ ಅಲ್ಲ, ರುಚಿಯೂ ಅಲ್ಲ. ಅದು ಮುಖದ ಐದನೆಯ ಕಪಾಲನರದ ಸಂವೇದನೆ. ಮೆಣಸಿನಕಾಯಿಯ ಖಾರಕ್ಕೂ ಸುಡುವ ಬಿಸಿಗೂ ಸ್ಪಂದಿಸುವ ಗ್ರಾಹಕವನ್ನೇ ಮದ್ಯಸಾರವೂ ಕೆರಳಿಸುವುದು. ಗಡುಸಾದ ಮದ್ಯವನ್ನು ಒಮ್ಮೆಲೇ ಮೂಸಿದರೆ ಈ ಉರಿಯಲ್ಲಿ ಸೂಕ್ಷ್ಮ ವಾಸನೆಗಳು ಮುಳುಗಿಹೋಗುವುವು. ಎಳೆಯ ಸರಕಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಪರೀಕ್ಷೆಯ ಕ್ರಮ

ಅನುಭವಿಗಳಾದ ಪರೀಕ್ಷಕರು ಅನುಸರಿಸುವ ಕ್ರಮವನ್ನು ಕಾರಣಸಹಿತವಾಗಿ ಹೀಗೆ ಹೇಳಬಹುದು.

1. ಪಾತ್ರೆ: ತಳ ಅಗಲವಾಗಿ ಬಾಯಿ ಕಿರಿದಾದ, ಮೊಗ್ಗಿನ ಆಕಾರದ ಗಾಜಿನ ಲೋಟ. ಅಗಲವಾದ ತಳದಲ್ಲಿ ಆವಿ ಏಳುವುದು, ಕಿರಿದಾದ ಬಾಯಿಯಲ್ಲಿ ಒಟ್ಟುಗೂಡುವುದು. ಕೋಣೆಯಲ್ಲಿ ಊದುಬತ್ತಿ, ಅಡುಗೆ, ಹೂವುಗಳ ವಾಸನೆ ಇರಬಾರದು.

2. ಬಣ್ಣವನ್ನು ಮರೆಮಾಡುವುದು: ಕಡುನೀಲಿಯ ಗಾಜನ್ನು ಬಳಸಿದರೆ ಕಣ್ಣು ಮೂಗಿಗೆ ಸುಳ್ಳು ಹೇಳಲಾರದು.

3. ನೀರು ಬೆರೆಸುವುದು: ಮದ್ಯಸಾರವನ್ನು ಸುಮಾರು ಶೇಕಡಾ 20ಕ್ಕೆ ಇಳಿಸುವರು. ಶೇಕಡಾ 46ರ ವಿಸ್ಕಿ 25 ಮಿಲಿಲೀಟರು ಇದ್ದರೆ, 25 × 46 ÷ 20 = 57.5, ಆದುದರಿಂದ 32.5 ಮಿಲಿಲೀಟರು ನೀರು ಬೇಕು. ಮದ್ಯಸಾರವೂ ನೀರೂ ಬೆರೆತಾಗ ಗಾತ್ರ ಸ್ವಲ್ಪ ಕುಗ್ಗುವುದರಿಂದ ಈ ಲೆಕ್ಕ ಸ್ಥೂಲವಾದುದು. ನೀರಿನಿಂದ ಉರಿ ತಗ್ಗುವುದಲ್ಲದೆ ಇನ್ನೊಂದು ಪರಿಣಾಮವೂ ಉಂಟು. 2017ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಎಂಬ ವಿಜ್ಞಾನಿಗಳು ಗಣಕಯಂತ್ರದಲ್ಲಿ ಅಣುಗಳ ಚಲನೆಯನ್ನು ಅನುಕರಿಸಿ ನೋಡಿದರು. ಮದ್ಯಸಾರ ಶೇಕಡಾ 45ರವರೆಗೆ ಇರುವಾಗ ಗ್ವಾಯಕಾಲ್ ಅಣುಗಳು ದ್ರವದ ಮೇಲ್ಮೈಯಲ್ಲಿ ಸೇರುವುವು. ಶೇಕಡಾ 59ಕ್ಕೆ ಮೀರಿದರೆ ಮದ್ಯಸಾರದ ಅಣುಗಳು ಅವನ್ನು ಸುತ್ತುವರಿದು ದ್ರವದ ಒಳಗೆ ಹಿಡಿದಿಡುವುವು ಎಂದು ಕಂಡುಬಂತು. ಮೇಲ್ಮೈಗೆ ಬಂದ ಅಣು ಮೂಗಿಗೆ ಸುಲಭವಾಗಿ ತಲಪುವುದಷ್ಟೆ.

4. ಮೊದಲ ಮೂಸುವಿಕೆ: ಬಾಯನ್ನು ಸ್ವಲ್ಪ ತೆರೆದು, ದೂರದಿಂದ, ಅಲ್ಪಕಾಲ. ಮೊದಲು ತೋರಿದುದನ್ನು ಕೂಡಲೆ ಬರೆಯಬೇಕು. ಬರಿದೆ 'ಹೊಗೆ' ಎಂದರೆ ಸಾಲದು. ಸೌದೆಯ ಬೂದಿಯ ಹೊಗೆಯೆ? ಔಷಧಿಯದೆ? ಡಾಂಬರಿನದೆ? ಬೂದಿ ಮತ್ತು ಸಿಹಿಹೊಗೆ ಗ್ವಾಯಕಾಲಿನ ಕಡೆಗೂ, ಔಷಧಿ ಫೀನಾಲ್–ಕ್ರೆಸಾಲುಗಳ ಕಡೆಗೂ ಬೆರಳು ತೋರುವುದು.

5. ಹೊಗೆಯನ್ನು ದಾಟುವುದು: ಎಳೆಯ ಹೊಗೆವಿಸ್ಕಿಯ ಪರೀಕ್ಷೆಯಲ್ಲಿ ಇದೇ ಮುಖ್ಯ ಘಟ್ಟ. ಯಾವುದೇ ವಾಸನೆಯನ್ನು ಎಡೆಬಿಡದೆ ಮೂಸಿದರೆ ಮೂಗು ಅದಕ್ಕೆ ಒಗ್ಗಿ ಮಂಕಾಗುವುದು. ಊದುಬತ್ತಿಯ ಕೋಣೆಯಲ್ಲಿ ಕುಳಿತವನಿಗೆ ಅದರ ಪರಿಮಳ ಮರೆತುಹೋಗುವುದಿಲ್ಲವೆ? ಸಾಧಾರಣವಾಗಿ ಇದು ಮೂಗಿನ ದೋಷ. ಪರೀಕ್ಷಕನು ಈ ದೋಷವನ್ನೇ ಸಾಧನವಾಗಿ ಮಾಡಿಕೊಳ್ಳುವನು. ಹೊಗೆಗೆ ಮೂಗು ಒಗ್ಗಿದ ಮೇಲೆ ಅದರ ಹಿಂದಿದ್ದ ವಾಸನೆಗಳು ಮುಂದಕ್ಕೆ ಬರುವುವು. ಆಗ ಹಸಿಹಿಟ್ಟು, ಬೆಂದ ಕೋಸು, ಆರಿದ ಬೆಂಕಿಕಡ್ಡಿಗಳು ಕಂಡರೆ ಪೀಪಾಯಿಯ ಕೆಲಸ ಮುಗಿದಿಲ್ಲ. ಮಾಗಿದ ಹಣ್ಣು, ವೆನಿಲಾ, ಜೇನುಗಳ ಛಾಯೆ ಕಂಡರೆ, ವಯಸ್ಸು ಎಷ್ಟೇ ಇರಲಿ, ಸರಕು ಸಿದ್ಧವಾಗಿದೆ.

6. ಬಾಯಿ: ಚಮಚದಷ್ಟನ್ನು ನಾಲಗೆಯ ಮೇಲೆ ಹೊರಳಿಸಿ ಉಗಿಯುವರು. ಸಿಹಿ, ಒಗರು, ಉರಿಗಳನ್ನೂ, ಉಗಿದ ಮೇಲೆ ಎಷ್ಟು ಹೊತ್ತು ಏನು ಉಳಿಯಿತೆಂಬುದನ್ನೂ ಬರೆಯುವರು. ಮೂಗಿನಲ್ಲಿ ದಟ್ಟವಾಗಿದ್ದ ಹೊಗೆ ಬಾಯಲ್ಲಿ ಥಟ್ಟನೆ ಮುಗಿದು ನೀರುನೀರಾದ ಉರಿಯಷ್ಟೇ ಉಳಿದರೆ, ಅದು ಹೊಗೆಯ ಮುಸುಕು ಹೊದ್ದ ಹಸಿಸರಕೆಂದು ತಿಳಿಯಬಹುದು.

ಬರೆಯುವಾಗ ಪದಗಳು ಎಲ್ಲರಿಗೂ ಒಂದೇ ಅರ್ಥ ಕೊಡಬೇಕು. ಇದಕ್ಕಾಗಿ ಸ್ಕಾಟ್ಲೆಂಡಿನ ಸಂಶೋಧಕರು 1970ರ ದಶಕದ ಕೊನೆಯಲ್ಲಿ ವಾಸನೆಗಳ ಚಕ್ರವೊಂದನ್ನು ರಚಿಸಿದರು. ಪೀಟ್, ಧಾನ್ಯ, ಹಣ್ಣಿನ ಎಸ್ಟರು, ಹೂವು, ಮರ, ಗಂಧಕ ಮೊದಲಾಗಿ ವಿಭಾಗಿಸಿದ ಈ ಚಕ್ರವು 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬ ಮಾತುಗಳಿಗೆ ಎಡೆಗೊಡುವುದಿಲ್ಲ. ಇಷ್ಟವನ್ನು ಬದಿಗಿಟ್ಟು ಇರುವುದನ್ನು ಹೇಳುವುದೇ ಅದರ ಉದ್ದೇಶ.

ಪರೀಕ್ಷಕನ ಪರೀಕ್ಷೆ

ಪರೀಕ್ಷಕನನ್ನು ಪರೀಕ್ಷಿಸುವವರು ಯಾರು? ಫ್ರಾನ್ಸಿನ ಬೋರ್ಡೋ ನಗರದಲ್ಲಿ ದ್ರಾಕ್ಷಾಮದ್ಯದ ಶಾಸ್ತ್ರವನ್ನು ಕಲಿಯುತ್ತಿದ್ದ 54 ಮಂದಿಗೆ ಬಿಳಿಯ ಮದ್ಯವನ್ನೇ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಕೆಂಪು ಮದ್ಯಕ್ಕೆ ಬಳಸುವ ಮಾತುಗಳಿಂದಲೇ ಅವರು ಅದರ ವಾಸನೆಯನ್ನು ವರ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗ, ಕಣ್ಣು ಮೂಗನ್ನು ಎಷ್ಟು ಸುಲಭವಾಗಿ ಆಳಬಲ್ಲುದೆಂಬುದಕ್ಕೆ ನಿದರ್ಶನ. ಬಣ್ಣ ಹೀಗೆ ಮಾಡಬಲ್ಲುದಾದರೆ, ಸೀಸೆಯ ಮೇಲಿನ ಹೆಸರು, ಬೆಲೆ, ವಯಸ್ಸುಗಳು ಏನು ಮಾಡಲಾರವು? ಆದುದರಿಂದ ಪರೀಕ್ಷಕನಿಗೆ ಸೀಸೆಯನ್ನು ತೋರಿಸದಿರುವುದೇ ನ್ಯಾಯ.

ಸಂಖ್ಯಾಶಾಸ್ತ್ರಜ್ಞನಾದ ಆರ್. ಎ. ಫಿಷರ್ 1935ರ ತನ್ನ ಗ್ರಂಥದಲ್ಲಿ ಚಹಾದ ಪ್ರಸಂಗವೊಂದನ್ನು ಚರ್ಚಿಸಿದ್ದಾನೆ. ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಎಂಬುದನ್ನು ಕುಡಿದು ಹೇಳಬಲ್ಲೆನೆಂದು ಒಬ್ಬ ಮಹಿಳೆ ಹೇಳಿದಾಗ, 8 ಬಟ್ಟಲುಗಳಲ್ಲಿ ನಾಲ್ಕನ್ನು ಒಂದು ಬಗೆಯಾಗಿಯೂ ನಾಲ್ಕನ್ನು ಇನ್ನೊಂದು ಬಗೆಯಾಗಿಯೂ ಮಾಡಿ, ಕ್ರಮ ಕೆಡಿಸಿ ಇಡಬೇಕು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ವಿಧಗಳಿವೆ. ಎಲ್ಲವನ್ನೂ ಬರಿಯ ಊಹೆಯಿಂದ ಸರಿಯಾಗಿ ಹೇಳುವ ಸಂಭವ 70ರಲ್ಲಿ 1.

ಇದೇ ತತ್ತ್ವದ ಮೇಲೆ ನಿಂತುದು ತ್ರಿಕೋನ ಪರೀಕ್ಷೆ. ಮೂರು ಲೋಟಗಳಲ್ಲಿ ಎರಡಕ್ಕೆ ಒಂದೇ ವಿಸ್ಕಿ, ಮೂರನೆಯದಕ್ಕೆ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಊಹೆಯಿಂದ ಸರಿಯಾಗುವ ಸಂಭವ 3ರಲ್ಲಿ 1. 12 ಮಂದಿಯಲ್ಲಿ 7 ಮಂದಿ ಸರಿಯಾಗಿ ಹೇಳಿದರೂ ಅದು ಆಕಸ್ಮಿಕವಿರಬಹುದು. ಆಕಸ್ಮಿಕವಾಗಿ 7 ಅಥವಾ ಹೆಚ್ಚು ಮಂದಿ ಸರಿಹೇಳುವ ಸಂಭವ ನೂರರಲ್ಲಿ 6ಕ್ಕೂ ಮೇಲು. 8 ಮಂದಿ ಹೇಳಿದರೆ ಅದು ನೂರರಲ್ಲಿ 2ಕ್ಕಿಂತ ಕಡಮೆ. ಆಗ ಭೇದ ನಿಜವೆಂದು ಒಪ್ಪಬಹುದು. ಮೂರು ವರ್ಷದ ಸರಕಿಗೂ ಐದು ವರ್ಷದ್ದಕ್ಕೂ ಭೇದವಿದೆಯೆಂದು ಹೇಳುವವರು ಮೊದಲು ಈ ಬಾಗಿಲನ್ನು ದಾಟಿ ಬರಬೇಕು. ಮೂಗು ಅಳತೆಗೋಲಾಗುವುದು ಹೀಗೆ: ಹೆಸರನ್ನು ಮುಚ್ಚಿ, ಪರೀಕ್ಷೆಯನ್ನು ಮರಳಿ ಮರಳಿ ಮಾಡಿ, ಆಕಸ್ಮಿಕಕ್ಕೆ ಅದರ ಪಾಲನ್ನು ಕೊಟ್ಟ ಮೇಲೆ.

ಎರಡು ಎಚ್ಚರಿಕೆಯ ಮಾತುಗಳು

ವೃತ್ತಿಪರ ಪರೀಕ್ಷಕರು ಹೆಚ್ಚಾಗಿ ಮೂಸುವರು, ನುಂಗುವುದಿಲ್ಲ. ನುಂಗಿದರೆ ಕೆಲಸ ಮಾಡುವ ಬುದ್ಧಿಯೇ ಮಂಕಾಗುವುದಷ್ಟೆ. ಅದಕ್ಕಿಂತ ಮುಖ್ಯವಾದುದು, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಆರೋಗ್ಯಕ್ಕೆ ನಿರಪಾಯವಾದ ಮದ್ಯದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು. ಗುಣಪರೀಕ್ಷೆಯಲ್ಲಿ ಗೆದ್ದ ಮದ್ಯವೂ ದೇಹಕ್ಕೆ ಮದ್ಯವೇ.

ಎರಡನೆಯದು ಪೀಟಿನ ವಿಷಯ. ಭೂಮಿಯ ನೆಲದಲ್ಲಿ ಸುಮಾರು ಶೇಕಡಾ 3ರಷ್ಟೇ ಇರುವ ಪೀಟ್‌ಭೂಮಿಗಳು ಪ್ರಪಂಚದ ಕಾಡುಗಳ ಸಸ್ಯರಾಶಿಯೆಲ್ಲ ಸೇರಿ ಹಿಡಿದಿರುವುದಕ್ಕಿಂತ ಹೆಚ್ಚಿನ ಇಂಗಾಲವನ್ನು ಹುದುಗಿಸಿಟ್ಟುಕೊಂಡಿವೆ. ಜೌಗನ್ನು ಬತ್ತಿಸಿ ಪೀಟನ್ನು ತೆಗೆದರೆ ಆ ಇಂಗಾಲ ವಾಯುಮಂಡಲಕ್ಕೆ ಸೇರುವುದು. ಪೀಪಾಯಿಗಾಗಿ ಹತ್ತು ವರ್ಷ ಕಾಯಲಾರೆವೆನ್ನುವವರೂ ಕಾಳಿಗೆ ಹೊಗೆ ಕೊಡಲು ಸಾವಿರ ವರ್ಷಗಳ ಗಳಿಕೆಯನ್ನು ಸುಡುತ್ತಿರುವರೆಂಬುದನ್ನು ಮರೆಯಬಾರದು.

ಮದ್ಯವಿಲ್ಲದ ಅಭ್ಯಾಸ

ಒಂದೇ ಬಗೆಯ ಸಣ್ಣ ಸೀಸೆಗಳನ್ನು ತೆಗೆದುಕೊಂಡು ಲವಂಗ, ಕಾಫಿಪುಡಿ, ವೆನಿಲಾ ಸಾರ, ಬಾಳೆಹಣ್ಣು, ಮೊಳಕೆರಾಗಿಯ ಹಿಟ್ಟು ಇವನ್ನು ಒಂದೊಂದರಲ್ಲಿ ಹಾಕಿ, ಹೊರಗೆ ಕಾಗದ ಸುತ್ತಿ ಗುರುತಿನ ಸಂಖ್ಯೆ ಬರೆಯಿರಿ. ಗೆಳೆಯರು ಮೂಸಿ ಹೆಸರು ಬರೆಯಲಿ. ತಿಳಿದ ವಾಸನೆಗೂ ಹೆಸರು ಹೊಳೆಯದಿರುವುದನ್ನು ಕಂಡು ನಿಮಗೆ ಆಶ್ಚರ್ಯವಾದೀತು.

ಬಳಿಕ ಹೊಗೆಯ ಪ್ರಯೋಗ. ಹಿರಿಯರ ಸಮ್ಮುಖದಲ್ಲಿ, ಬಯಲಿನಲ್ಲಿ, ಹೊಗೆಯಾಡುವ ಸೌದೆಯ ಮೇಲೆ ಒದ್ದೆಪಾತ್ರೆಯೊಂದನ್ನು ಬೋರಲಾಗಿ ಹಿಡಿದು, ತಣಿದ ಮೇಲೆ ಅದರಲ್ಲಿ ಒಂದು ಲೋಟ ನೀರನ್ನು ಕುಲುಕಿರಿ. ಈ ನೀರಿನ ಅರ್ಧಕ್ಕೆ ಅಷ್ಟೇ ಶುದ್ಧ ನೀರು, ಅದರ ಅರ್ಧಕ್ಕೆ ಮತ್ತೆ ಅಷ್ಟೇ ನೀರು, ಹೀಗೆ ತೆಳುವಾಗಿಸುತ್ತ ಹೋಗಿ ಪ್ರತಿಯೊಂದನ್ನೂ ಎರಡು ಲೋಟ ಶುದ್ಧ ನೀರಿನೊಡನೆ ತ್ರಿಕೋನ ಪರೀಕ್ಷೆಗೆ ಇಡಿರಿ. ಮೂಸಬೇಕು, ಕುಡಿಯಬಾರದು. ಎಷ್ಟನೆಯ ಬಾರಿ ನಿಮ್ಮ ತರಗತಿಯ ಉತ್ತರಗಳು ಊಹೆಯ ಮಟ್ಟಕ್ಕೆ ಇಳಿಯುವುವೋ ಅದೇ ನಿಮ್ಮ ಮೂಗಿನ ಎಲ್ಲೆ. ಆ ಎಲ್ಲೆಯನ್ನು ತಾನೇ ಕಂಡುಕೊಂಡವನು 'ನನಗೆ ಹಾಗೆ ಅನಿಸಿತು' ಎಂಬ ಮಾತಿಗೂ 'ಹಾಗೆ ಇದೆ' ಎಂಬ ಮಾತಿಗೂ ಇರುವ ಅಂತರವನ್ನು ಅರಿಯುವನು.

ಪ್ರಶ್ನೆಗಳು

1. ಶೇಕಡಾ 60ರ ಮದ್ಯಸಾರದ ದ್ರವ 20 ಮಿಲಿಲೀಟರು ಇದೆ. ಅದನ್ನು ಶೇಕಡಾ 20ಕ್ಕೆ ಇಳಿಸಲು ಎಷ್ಟು ನೀರು ಬೇಕು?

2. ಫಿಷರನ ಪ್ರಯೋಗವನ್ನು 6 ಬಟ್ಟಲುಗಳಿಂದ, ಮೂರು ಮೂರರಂತೆ ಮಾಡಿದರೆ, ಊಹೆಯಿಂದಲೇ ಎಲ್ಲವೂ ಸರಿಯಾಗುವ ಸಂಭವವೆಷ್ಟು?

3. ಮಾಲ್ಟಿನ ಫೀನಾಲ್ ಸಂಖ್ಯೆ ಒಂದೇ ಆಗಿದ್ದರೂ ಎರಡು ವಿಸ್ಕಿಗಳ ಹೊಗೆವಾಸನೆ ಬೇರೆಯಾಗಲು ಎರಡು ಕಾರಣಗಳನ್ನು ಕೊಡಿರಿ.

(ಉತ್ತರ: 1. ಸುಮಾರು 40 ಮಿಲಿಲೀಟರು. 2. 20ರಲ್ಲಿ 1. ಮೂರನೆಯದರ ಉತ್ತರವನ್ನು 'ಹೊಗೆಯ ರಸಾಯನ' ಎಂಬ ಭಾಗದಲ್ಲಿ ವಾಚಕರು ಕಂಡುಕೊಳ್ಳಬಹುದು.)